ಬರದ ನಕ್ಷೆ, ದನದ ಹಿಂಡು, ಹುಲ್ಲಿನ ಬೇರು: ಅಮೆರಿಕದ ಮೇವು ಪರಿಹಾರದ ಒಳಲೆಕ್ಕ

ಪ್ರತಿ ಗುರುವಾರ ಬೆಳಿಗ್ಗೆ ಅಮೆರಿಕದಲ್ಲಿ ಒಂದು ಬರ ನಕ್ಷೆ ಬಿಡುಗಡೆಯಾಗುತ್ತದೆ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಬರ ಅಧ್ಯಯನ ಕೇಂದ್ರ, ಫೆಡರಲ್ ಕೃಷಿ ಇಲಾಖೆ ಮತ್ತು ಹವಾಮಾನದ ಹೊಣೆ ಹೊತ್ತ ನೋವಾ ಸಂಸ್ಥೆ 1999ರಿಂದ ಇದನ್ನು ಜೊತೆಯಾಗಿ ಸಿದ್ಧಪಡಿಸುತ್ತಿವೆ. ಹಳದಿಯಿಂದ ಕಡುಗೆಂಪಿನವರೆಗೆ ಐದು ಬಣ್ಣಗಳು, ಡಿ0ಯಿಂದ ಡಿ4ರವರೆಗೆ ಐದು ಹಂತಗಳು. ಹವಾಮಾನ ತಜ್ಞರಿಗೆ ಅದು ಮಣ್ಣಿನ ತೇವ, ಮಳೆ, ನದಿಯ ಹರಿವುಗಳ ಸಾರಾಂಶ. ಟೆಕ್ಸಾಸ್‌, ಮೊಂಟಾನಾ ಅಥವಾ ನೆವಾಡಾದಲ್ಲಿ ದನ ಸಾಕುವವನು ಅದನ್ನು ನೋಡುವ ರೀತಿಯೇ ಬೇರೆ. ತನ್ನ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗದ) ಮೇಲೆ ಯಾವ ಬಣ್ಣ ಬಿದ್ದಿದೆ, ಎಷ್ಟು ವಾರದಿಂದ ಇದೆ ಎಂಬುದರ ಮೇಲೆ ಈ ವರ್ಷ ಸರ್ಕಾರ ಅವನಿಗೆ ಎಷ್ಟು ತಿಂಗಳ ಮೇವಿನ ಹಣ ಕೊಡುತ್ತದೆ ಎಂಬುದು ನಿಂತಿದೆ.

ಈ ಯೋಜನೆಯ ಹೆಸರು ಲೈವ್‌ಸ್ಟಾಕ್ ಫೋರೇಜ್ ಡಿಸಾಸ್ಟರ್ ಪ್ರೋಗ್ರಾಂ, ಚಿಕ್ಕದಾಗಿ ಎಲ್‌ಎಫ್‌ಪಿ. ಬರದಿಂದ ಹುಲ್ಲುಗಾವಲು ಒಣಗಿದಾಗ, ಅಥವಾ ಸರ್ಕಾರಿ ಹುಲ್ಲುಗಾವಲಿಗೆ ಬೆಂಕಿ ಬಿದ್ದು ಅಲ್ಲಿ ಮೇಯಿಸುವುದು ನಿಷೇಧವಾದಾಗ, ಜಾನುವಾರು ಸಾಕುವವರಿಗೆ ಅದು ಹಣ ಕೊಡುತ್ತದೆ. ಕೃಷಿ ವಿಪತ್ತಿಗಾಗಿ ಅಲ್ಲಿ ಇರುವ ಕಾಯಂ ಯೋಜನೆಗಳಲ್ಲಿ ಅತಿ ಹೆಚ್ಚು ಹಣ ಹರಿಯುವುದು ಇದರಲ್ಲಿ. ಪರಿಹಾರ ಬೇಗ ತಲುಪಬೇಕು ಎಂದು ಬಯಸುವ ಯಾರಿಗೂ ಇದರಿಂದ ಕಲಿಯಲು ಬಹಳಷ್ಟಿದೆ. ಆದರೆ ಇದರ ಲೆಕ್ಕವನ್ನು ಬಿಡಿಸಿ ನೋಡಿದರೆ ಒಂದು ದೊಡ್ಡ ಕೊರತೆಯೂ ಕಾಣುತ್ತದೆ. ದನಗಳ ಲೆಕ್ಕವಿದೆ, ಮೆಕ್ಕೆಜೋಳದ ಬೆಲೆಯ ಲೆಕ್ಕವಿದೆ, ವಾರಗಳ ಲೆಕ್ಕವಿದೆ; ಆದರೆ ಆ ವರ್ಷ ಹುಲ್ಲು ಯಾವ ಸ್ಥಿತಿಯಲ್ಲಿದೆ, ಅದಕ್ಕೆ ವಿಶ್ರಾಂತಿ ಸಿಕ್ಕಿದೆಯೇ ಎಂದು ಕೇಳುವವರು ಯಾರೂ ಇಲ್ಲ.

ಈ ಯೋಜನೆ ಏಕೆ ಹುಟ್ಟಿತು ಎಂಬುದನ್ನು ಮರೆತು ಟೀಕಿಸುವುದು ತಪ್ಪಾಗುತ್ತದೆ. 2008ಕ್ಕೆ ಮೊದಲು ಬರ ಬಂದಾಗಲೆಲ್ಲ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಹೊಸದಾಗಿ ಕಾನೂನು ಮಾಡಿ ಹಣ ಬಿಡುಗಡೆ ಮಾಡಬೇಕಿತ್ತು. ಹಣ ಕೈಸೇರುವ ಹೊತ್ತಿಗೆ ದನಗಳು ಮಾರಾಟವಾಗಿರುತ್ತಿದ್ದವು. 2008ರ ಕೃಷಿ ಕಾನೂನು ಎಲ್‌ಎಫ್‌ಪಿಯನ್ನು ಹುಟ್ಟುಹಾಕಿತು, ಆದರೆ 2011ರ ಸೆಪ್ಟೆಂಬರ್ 30ಕ್ಕೆ ಅದರ ಅವಧಿಯೂ ಮುಗಿಯಿತು. ಇದಕ್ಕಿಂತ ಕೆಟ್ಟ ಗಳಿಗೆ ಇರಲಿಲ್ಲ. 2011ರಲ್ಲಿ ಟೆಕ್ಸಾಸ್ ತನ್ನ ದಾಖಲೆಯಲ್ಲೇ ಅತಿ ತೀವ್ರವಾದ ಒಂದು ವರ್ಷದ ಬರವನ್ನು ಅನುಭವಿಸಿತು. ರಾಜ್ಯದ ಕೃಷಿ ನಷ್ಟ 762 ಕೋಟಿ ಡಾಲರ್ ಎಂದು ಅಂದಾಜಾಯಿತು, ಮಾಂಸದ ತಳಿಯ ಹಸುಗಳ ಸಂಖ್ಯೆ ಒಂದೇ ವರ್ಷದಲ್ಲಿ ಆರು ಲಕ್ಷಕ್ಕೂ ಹೆಚ್ಚು ಇಳಿಯಿತು. 2012ರಲ್ಲಿ ಬರ ಮಧ್ಯ ಅಮೆರಿಕಕ್ಕೆಲ್ಲ ಹಬ್ಬಿ, ದೇಶದ ಮುಖ್ಯ ಭೂಭಾಗದ ಸುಮಾರು ಮೂರನೇ ಎರಡು ಪಾಲು ಬರಕ್ಕೆ ಸಿಕ್ಕಿತು. ಆಗ ಯೋಜನೆಯೇ ಇರಲಿಲ್ಲ.

2013ರ ಅಕ್ಟೋಬರ್ ಮೊದಲ ವಾರದಲ್ಲಿ ದಕ್ಷಿಣ ಡಕೋಟಾದ ಪಶ್ಚಿಮ ಭಾಗದಲ್ಲಿ ಅಕಾಲಿಕ ಹಿಮಬಿರುಗಾಳಿ ಬೀಸಿತು. ಚಳಿಗಾಲದ ರೋಮ ಇನ್ನೂ ಬೆಳೆಯದ, ಬೇಸಿಗೆಯ ಬಯಲಿನಲ್ಲೇ ಇದ್ದ ಹತ್ತಾರು ಸಾವಿರ ದನಗಳು ಮೊದಲು ಮಳೆಯಲ್ಲಿ ನೆನೆದು, ಆಮೇಲೆ ಹಿಮದಲ್ಲಿ ಸಿಕ್ಕಿ ಸತ್ತವು. ಸತ್ತ ಜಾನುವಾರಿಗೆ ಹಣ ಕೊಡುವ ಜೊತೆ ಯೋಜನೆಯೂ ಆಗ ಮುಗಿದುಹೋಗಿತ್ತು. ಅದೇ ವಾರ ಅನುದಾನದ ಜಗಳದಲ್ಲಿ ಫೆಡರಲ್ ಸರ್ಕಾರವೇ ಬಾಗಿಲು ಹಾಕಿದ್ದರಿಂದ, ನಷ್ಟವನ್ನು ಹೇಳಿಕೊಳ್ಳಲು ಹೋದರೂ ಕೌಂಟಿಯ ಕೃಷಿ ಕಚೇರಿ ಮುಚ್ಚಿತ್ತು. ಈ ನೋವಿನ ನೆನಪು ಹಸಿಯಾಗಿದ್ದಾಗಲೇ 2014ರ ಫೆಬ್ರುವರಿಯಲ್ಲಿ ಹೊಸ ಕೃಷಿ ಕಾನೂನು ಬಂತು. ಎಲ್‌ಎಫ್‌ಪಿಗೆ ಕೊನೆಯ ದಿನಾಂಕವೇ ಇಲ್ಲದಂತಾಯಿತು, 2011ರ ಅಕ್ಟೋಬರ್‌ನಿಂದ ಆದ ನಷ್ಟಕ್ಕೂ ಹಿಂದಿನಿಂದ ಅನ್ವಯವಾಗುವಂತೆ ಹಣ ಸಿಕ್ಕಿತು.

ನಿಯಮ ಹೀಗಿದೆ. ಪ್ರತಿ ಕೌಂಟಿಗೂ, ಪ್ರತಿ ಬಗೆಯ ಹುಲ್ಲುಗಾವಲಿಗೂ ಸಾಮಾನ್ಯವಾಗಿ ಮೇಯಿಸುವ ಕಾಲ ಇಂತಿಷ್ಟು ಎಂದು ನಿಗದಿಯಾಗಿರುತ್ತದೆ. ಆ ಕಾಲದೊಳಗೆ ಕೌಂಟಿಯ ಯಾವುದೇ ಭಾಗ ಒಂದು ವಾರವಾದರೂ ಡಿ3, ಅಂದರೆ ಅತಿ ತೀವ್ರ ಬರದ ಕೆಂಪು ಬಣ್ಣಕ್ಕೆ ತಿರುಗಿದರೆ ಮೂರು ತಿಂಗಳ ಹಣ. ಡಿ3 ನಾಲ್ಕು ವಾರ ಉಳಿದರೆ, ಅಥವಾ ಕಡುಗೆಂಪಿನ ಡಿ4 ಒಮ್ಮೆ ಮುಟ್ಟಿದರೆ ನಾಲ್ಕು ತಿಂಗಳು. ಡಿ4 ನಾಲ್ಕು ವಾರ ನಿಂತರೆ ಐದು ತಿಂಗಳು. ಕೆಳಗಿನ ಡಿ2 ಹಂತಕ್ಕೆ ಮೊದಲು ಸತತ ಎಂಟು ವಾರ ಬೇಕಿತ್ತು, ಸಿಗುತ್ತಿದ್ದುದು ಒಂದು ತಿಂಗಳ ಹಣ. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ದೊಡ್ಡ ಬಜೆಟ್ ಕಾನೂನು ಇದನ್ನು ಸಡಿಲಿಸಿತು: ಸತತ ನಾಲ್ಕು ವಾರವಿದ್ದರೆ ಒಂದು ತಿಂಗಳು, ಎಂಟು ವಾರಗಳಲ್ಲಿ ಏಳು ವಾರವಿದ್ದರೆ ಎರಡು ತಿಂಗಳು.

ಒಂದು ತಿಂಗಳ ಹಣ ಎಂದರೆ ಎಷ್ಟು? ಬೆಳೆದ ಒಂದು ಹಸುವಿಗೆ ದಿನಕ್ಕೆ 15.7 ಪೌಂಡ್ ಮೆಕ್ಕೆಜೋಳಕ್ಕೆ ಸಮನಾದ ಆಹಾರ ಬೇಕು ಎಂದು ಕಾನೂನು ಹಿಡಿಯುತ್ತದೆ. ಮೂವತ್ತು ದಿನಕ್ಕೆ 471 ಪೌಂಡ್, ಅಂದರೆ ಎಂಟು ಬುಷೆಲ್‌ಗಿಂತ ತುಸು ಹೆಚ್ಚು (ಒಂದು ಬುಷೆಲ್ ಮೆಕ್ಕೆಜೋಳ ಎಂದರೆ 56 ಪೌಂಡ್). ಬುಷೆಲ್‌ಗೆ ನಾಲ್ಕೂವರೆ ಡಾಲರ್ ಬೆಲೆ ಎಂದಿಟ್ಟುಕೊಂಡರೆ ಸುಮಾರು 38 ಡಾಲರ್. ಅದರ ಶೇಕಡ 60, ಅಂದರೆ ಸುಮಾರು 22 ಡಾಲರ್ 70 ಸೆಂಟ್, ಸರ್ಕಾರದ ಪಾಲು. ಹುಲ್ಲುಗಾವಲು ತಾಳಿಕೊಳ್ಳಬಲ್ಲ ದನಗಳ ಸಂಖ್ಯೆಯಿಂದಲೂ ಇದೇ ರೀತಿ ಲೆಕ್ಕ ಹಾಕಿ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕೊಡುತ್ತಾರೆ. ಇನ್ನೂರು ಹಸುಗಳಿರುವ, ಸಾಕಷ್ಟು ಜಮೀನೂ ಇರುವ ಕುಟುಂಬಕ್ಕೆ ಐದು ತಿಂಗಳಿಗೆ ಸುಮಾರು 22,700 ಡಾಲರ್ ಬರುತ್ತದೆ. ಬರದ ವರ್ಷ ದೂರದಿಂದ ಲಾರಿಯಲ್ಲಿ ಒಣಹುಲ್ಲು ತರಿಸುವವರಿಗೆ ಇದು ದೊಡ್ಡ ಮೊತ್ತವಲ್ಲ. ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಎಂಬ ಮಿತಿಯನ್ನು 2014ರ ಕಾನೂನು ಹಾಕಿತು. ಇದೇ ಲೆಕ್ಕದಲ್ಲಿ ಆ ಮಿತಿ ಮುಟ್ಟಲು ಸುಮಾರು 1,100 ಹಸುಗಳಿರಬೇಕು. ಮಿತಿ ವ್ಯಕ್ತಿಗೆ ಹೊರತು ರಾಂಚ್‌ಗೆ, ಅಂದರೆ ದನ ಸಾಕುವ ಇಡೀ ಜಮೀನಿಗೆ, ಅಲ್ಲ, ಪಾಲುದಾರರು ಹೆಚ್ಚಿದ್ದರೆ ಮಿತಿಯೂ ಅಷ್ಟು ಪಾಲು ಹಿಗ್ಗುತ್ತದೆ.

ಇದರ ಹಿರಿಮೆ ಇರುವುದು ನಕ್ಷೆಯಲ್ಲೇ. ರೈತನ ಹೊಲಕ್ಕೆ ಅಧಿಕಾರಿ ಬಂದು ಎಷ್ಟು ಹುಲ್ಲು ಹೋಯಿತು ಎಂದು ಅಳೆಯಬೇಕಾಗಿಲ್ಲ. ರಾಜ್ಯ ಸರ್ಕಾರ ಬರ ಘೋಷಿಸುವುದಕ್ಕೂ, ಕೇಂದ್ರ ತಂಡ ಬರುವುದಕ್ಕೂ ಕಾಯಬೇಕಾಗಿಲ್ಲ. ಯಾವ ಪಕ್ಷದ ಸರ್ಕಾರ ಯಾವ ರಾಜ್ಯದಲ್ಲಿದೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ನಕ್ಷೆ ಎಲ್ಲರ ಕಣ್ಣೆದುರಿಗಿದೆ, ನಿಯಮ ಪುಸ್ತಕದಲ್ಲಿದೆ, ಎರಡನ್ನೂ ಕೂಡಿಸಿ ಯಾರು ಬೇಕಾದರೂ ತಮ್ಮ ಅರ್ಹತೆಯನ್ನು ತಾವೇ ಲೆಕ್ಕ ಹಾಕಬಹುದು. 2023ರ ಬರ ಕಂಡ ಕನ್ನಡಿಗರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಸೆಪ್ಟೆಂಬರ್‌ನಲ್ಲಿ ಮೊದಲ ಘೋಷಣೆ, ಅಕ್ಟೋಬರ್‌ನಲ್ಲಿ ಕೇಂದ್ರ ತಂಡದ ಭೇಟಿ. ಹಣ ಬಾರದೆ 2024ರ ಮಾರ್ಚ್‌ನಲ್ಲಿ ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. 18 ಸಾವಿರ ಕೋಟಿಗೂ ಹೆಚ್ಚು ಕೇಳಿದ್ದಕ್ಕೆ ಏಪ್ರಿಲ್ ಕೊನೆಯಲ್ಲಿ ಬಂದದ್ದು ಸುಮಾರು 3,454 ಕೋಟಿ ರೂಪಾಯಿ. ಜಾನುವಾರಿಗೆ ಆಗಿನ ನಮ್ಮ ವಿಪತ್ತು ನಿಧಿಯ ನಿಯಮ ಕೊಡುತ್ತಿದ್ದುದು ದೊಡ್ಡ ಪ್ರಾಣಿಗೆ ದಿನಕ್ಕೆ 80 ರೂಪಾಯಿ, ಚಿಕ್ಕದಕ್ಕೆ 45. ಅದೂ ಹೆಚ್ಚಾಗಿ ಗೋಶಾಲೆ ಮತ್ತು ಮೇವು ಬ್ಯಾಂಕಿನ ದಾರಿಯಲ್ಲಿ. ನಮ್ಮ ದನಗಳೂ ಅಮೆರಿಕದ ಹಿಂಡುಗಳೂ ಒಂದೇ ಅಲ್ಲ, ನಮ್ಮ ಒಂದೆರಡು ಹಸುವಿನ ಮನೆಗೂ ಅಲ್ಲಿನ ಸಾವಿರ ಹಸುವಿನ ರಾಂಚ್‌ಗೂ ಹೋಲಿಕೆ ಸಲ್ಲದು. ಆದರೂ, ಯಾರ ಕೃಪೆಗೂ ಕಾಯದೆ ತಾನೇ ಜಾರಿಯಾಗುವ ನಿಯಮ ಬರದ ಕಾಲದಲ್ಲಿ ಎಂಥ ಆಸರೆ ಎಂಬುದು ಇಲ್ಲಿಂದ ನೋಡಿದಾಗ ಇನ್ನೂ ಸ್ಪಷ್ಟವಾಗುತ್ತದೆ.

ನಕ್ಷೆಯ ಮೇಲೆ ಹಣ ನಿಂತಾಗ ನಕ್ಷೆಗೆ ಇಲ್ಲದ ಭಾರವೂ ಬರುತ್ತದೆ. ಅದನ್ನು ಬರೆಯುವವರು ಮಳೆಮಾಪಕ, ಉಪಗ್ರಹ ಚಿತ್ರ, ಸ್ಥಳೀಯ ವೀಕ್ಷಕರ ವರದಿ ಎಲ್ಲವನ್ನೂ ಸೇರಿಸಿ ಗೆರೆ ಎಳೆಯುತ್ತಾರೆ. ಆ ಗೆರೆ ದೇಶದ ಚಿತ್ರಕ್ಕಾಗಿಯೇ ಹೊರತು ಒಬ್ಬನ ಬೇಲಿಯ ಅಳತೆಗಾಗಿ ಅಲ್ಲ. ಆದರೆ ಕೌಂಟಿಯ ಒಂದು ಮೂಲೆ ಕೆಂಪಾದರೂ ಇಡೀ ಕೌಂಟಿ ಅರ್ಹವಾಗುತ್ತದೆ. ನೆವಾಡಾದ ಎಲ್ಕೊ ಕೌಂಟಿಯ ವಿಸ್ತಾರ ಸುಮಾರು 44,500 ಚದರ ಕಿಲೋಮೀಟರ್, ನಮ್ಮ ತುಮಕೂರು ಜಿಲ್ಲೆಯ ನಾಲ್ಕು ಪಟ್ಟಿಗಿಂತ ದೊಡ್ಡದು. ಅದರ ಒಂದು ತುದಿಯ ಬರಕ್ಕೆ ಮತ್ತೊಂದು ತುದಿಯಲ್ಲಿ ಮಳೆ ಕಂಡವನಿಗೂ ಮೂರು ತಿಂಗಳ ಹಣ ಸಿಗಬಹುದು. ಅತ್ತ ಪೂರ್ವದ ಚಿಕ್ಕ ಚಿಕ್ಕ ಕೌಂಟಿಗಳಲ್ಲಿ ಗೆರೆಯಿಂದ ಒಂದು ಮೈಲಿ ಆಚೆ ಇದ್ದವನಿಗೆ, ಅವನ ಹುಲ್ಲು ಎಷ್ಟೇ ಒಣಗಿರಲಿ, ಏನೂ ಇಲ್ಲ. ಡಿ2ರಲ್ಲಿ ಏಳನೇ ವಾರಕ್ಕೆ ಒಂದು ಸಾಧಾರಣ ಮಳೆ ಬಿದ್ದು ಬಣ್ಣ ಒಂದು ಹಂತ ಇಳಿದು ಹಣ ತಪ್ಪಿದವರ ದೂರು ವರ್ಷಗಳಿಂದ ಇತ್ತು. 2025ರ ತಿದ್ದುಪಡಿ ಆ ಕಡಿದಾದ ಮೆಟ್ಟಿಲನ್ನು ಸ್ವಲ್ಪ ತಗ್ಗಿಸಿದೆ. ಡಿ3ರ ಒಂದೇ ವಾರಕ್ಕೆ ಮೂರು ತಿಂಗಳು ಎಂಬ ಮೆಟ್ಟಿಲು ಮಾತ್ರ ಹಾಗೆಯೇ ಇದೆ.

ಇವೆಲ್ಲ ಸರಿಪಡಿಸಬಹುದಾದ ದೋಷಗಳು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಡಿ2 ಎಂದರೆ ಒಂದು ಜಾಗದ ಇತಿಹಾಸದಲ್ಲಿ ನೂರಕ್ಕೆ ಹತ್ತು ಸಲ ಮಾತ್ರ ಕಾಣುವಷ್ಟು ಒಣ ಸ್ಥಿತಿ, ಡಿ3 ನೂರಕ್ಕೆ ಐದು, ಡಿ4 ನೂರಕ್ಕೆ ಎರಡು. ಅಪರೂಪ ಎಂಬ ಕಲ್ಪನೆಯ ಮೇಲೆಯೇ ಇಡೀ ಯೋಜನೆ ಕಟ್ಟಿಕೊಂಡಿದೆ. ಮರದ ವಾರ್ಷಿಕ ಉಂಗುರಗಳನ್ನು ಅಳೆದ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದ ಅಧ್ಯಯನ, ಅಮೆರಿಕದ ನೈಋತ್ಯ ಭಾಗಕ್ಕೆ 2000ದಿಂದ 2021ರವರೆಗಿನ 22 ವರ್ಷಗಳು ಕನಿಷ್ಠ 1,200 ವರ್ಷಗಳಲ್ಲೇ ಅತಿ ಒಣ ಅವಧಿ ಎಂದು ಹೇಳಿತು. ಅಂಥ ಸೀಮೆಯಲ್ಲಿ ಕೆಂಪು ಬಣ್ಣ ಮತ್ತೆ ಮತ್ತೆ ಬೀಳುತ್ತದೆ. ಆಗ ವಿಪತ್ತಿನ ಪರಿಹಾರ ಹೆಚ್ಚುಕಡಿಮೆ ವಾರ್ಷಿಕ ವರಮಾನವಾಗುತ್ತದೆ. ರಾಂಚ್ ನಡೆಸುವವನು ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಹಿಂಡಿನ ಗಾತ್ರ ತೀರ್ಮಾನಿಸಿದರೆ ಅವನನ್ನು ದೂರುವಂತಿಲ್ಲ. ಯೋಜನೆ ಅವನಿಗೆ ಅದನ್ನೇ ಕಲಿಸಿದೆ.

ಹುಲ್ಲಿನ ಕಡೆಯಿಂದ ಇದನ್ನು ನೋಡಬೇಕು. ಪಶ್ಚಿಮದ ಬಯಲುಗಳಲ್ಲಿ ಬೆಲೆಯುಳ್ಳದ್ದು ಪೊದೆಯಾಗಿ ಬೆಳೆಯುವ ಬಹುವಾರ್ಷಿಕ ಹುಲ್ಲು. ಅದರ ಜೀವ ಬೇರಿನಲ್ಲಿದೆ. ಮಳೆ ಇಲ್ಲದ ವರ್ಷ ಎಲೆ ಚಿಗುರಿದಷ್ಟೂ ದನ ಕಚ್ಚಿದರೆ ಬೇರಿಗೆ ಆಹಾರ ಇಳಿಯುವುದಿಲ್ಲ, ಬೇರು ಮೊಟಕಾಗುತ್ತದೆ. ಮರುವರ್ಷ ಮಳೆ ಬಂದರೂ ಹಿಡಿದುಕೊಳ್ಳುವ ಶಕ್ತಿ ಅದಕ್ಕೆ ಇರುವುದಿಲ್ಲ. ಎರಡು ಮೂರು ಬಾರಿ ಹೀಗಾದರೆ ಪೊದೆ ಸತ್ತು ನೆಲ ಬೋಳಾಗುತ್ತದೆ. ನೆವಾಡಾ ಮತ್ತು ಅದರ ಸುತ್ತಲಿನ ಒಣ ಸೀಮೆಯಾದ ಗ್ರೇಟ್ ಬೇಸಿನ್ ಪ್ರದೇಶದಲ್ಲಿ ಆ ಬೋಳು ನೆಲಕ್ಕೆ ನುಗ್ಗುವುದು ಯೂರೇಷ್ಯಾದಿಂದ ಬಂದ ಚೀಟ್‌ಗ್ರಾಸ್. ವಸಂತದಲ್ಲಿ ಕೆಲವೇ ವಾರ ಹಸಿರಾಗಿದ್ದು, ಬೇಸಿಗೆ ಶುರುವಾಗುವ ಮೊದಲೇ ಒಣಗಿ, ಕಿಡಿ ತಾಗಿದರೆ ಮೈಲಿಗಟ್ಟಲೆ ಉರಿಯುವ ಕಳೆ ಅದು. ಬೆಂಕಿಯ ನಂತರ ಮತ್ತೆ ಮೊದಲು ಚಿಗುರುವುದೂ ಅದೇ. ಹೀಗೆ ಒಂದು ಬರದ ವರ್ಷದಲ್ಲಿ ಹೆಚ್ಚು ದನ ಉಳಿಸಿಕೊಂಡದ್ದಕ್ಕೆ ಮುಂದಿನ ಇಪ್ಪತ್ತು ವರ್ಷದ ಹುಲ್ಲನ್ನೇ ತೆರಬೇಕಾಗುತ್ತದೆ. ದಕ್ಷ ರಾಂಚರ್‌ಗಳಿಗೆ ಇದು ಪಾಠವಾಗಿ ಹೇಳಬೇಕಾದ ವಿಷಯವಲ್ಲ, ಅವರಿಗಿಂತ ಚೆನ್ನಾಗಿ ಬಲ್ಲವರು ಇಲ್ಲ. ಮಳೆ ತಡವಾಗುತ್ತದೆ ಎಂಬ ಸುಳಿವು ಸಿಕ್ಕ ಕೂಡಲೇ ಹಿಂಡಿನ ಒಂದು ಪಾಲನ್ನು ಮಾರಿ, ಹುಲ್ಲನ್ನು ಉಳಿಸಿಕೊಳ್ಳುವವರು ಅವರಲ್ಲಿ ಅನೇಕರಿದ್ದಾರೆ.

ಆ ಎಚ್ಚರಕ್ಕೆ ಯೋಜನೆ ಏನು ಕೊಡುತ್ತದೆ? ಹಿಂದಿನ ಎರಡು ವರ್ಷಗಳಲ್ಲಿ ಬರದ ಕಾರಣಕ್ಕೆ ದನ ಮಾರಿದ್ದರೆ, ಮಾರಿದ ದನಗಳ ಮೇಲೂ ಹಣ ಉಂಟು, ಆದರೆ ಮಾಮೂಲು ದರದ ಶೇಕಡ 80 ಮಾತ್ರ. ಕಾನೂನು ಬರೆದವರಲ್ಲಿ ಯಾರೋ ಒಬ್ಬರಾದರೂ ಹುಲ್ಲಿನ ಬಗ್ಗೆ ಯೋಚಿಸಿದ್ದರು ಎಂಬುದಕ್ಕೆ ಈ ಸಾಲು ಸಾಕ್ಷಿ. ಆದರೂ ದನವನ್ನು ಉಳಿಸಿಕೊಂಡವನಿಗೆ ಪೂರ್ತಿ, ಇಳಿಸಿದವನಿಗೆ ಐದನೇ ನಾಲ್ಕು ಪಾಲು ಎಂದಾಗ ಒಲವು ಯಾವ ಕಡೆಗೆ ಎಂಬುದು ಸ್ಪಷ್ಟ. ಹಣ ಪಡೆದವನು ಆ ಹುಲ್ಲುಗಾವಲಿನಿಂದ ದನಗಳನ್ನು ಹೊರತೆಗೆಯಬೇಕು ಎಂಬ ಷರತ್ತು ಇಲ್ಲವೇ ಇಲ್ಲ. ಮೇವಿನ ನಷ್ಟಕ್ಕೆ ಪರಿಹಾರ ಪಡೆದು, ಅದೇ ಒಣ ಹುಲ್ಲನ್ನು ಬುಡದವರೆಗೆ ಮೇಯಿಸಿದರೂ ನಿಯಮದ ಪ್ರಕಾರ ತಪ್ಪಿಲ್ಲ.

ಸರ್ಕಾರದ ಸ್ವಂತ ಜಮೀನಿನಲ್ಲಿ ಈ ವಿರೋಧಾಭಾಸ ಇನ್ನೂ ಎದ್ದು ಕಾಣುತ್ತದೆ. ಪಶ್ಚಿಮದ ರಾಜ್ಯಗಳಲ್ಲಿ ಭೂ ನಿರ್ವಹಣಾ ಬ್ಯೂರೋ ಒಂದೇ ಸುಮಾರು 15.5 ಕೋಟಿ ಎಕರೆಯನ್ನು ಮೇಯಿಸಲು ಪರವಾನಗಿ ಮೇಲೆ ಕೊಡುತ್ತದೆ. 1934ರ ಟೇಲರ್ ಮೇಯುವಿಕೆ ಕಾನೂನಿನಿಂದ ಬೆಳೆದ ವ್ಯವಸ್ಥೆ ಇದು. 2019ರಿಂದ 2025ರವರೆಗೆ ಅಲ್ಲಿನ ಶುಲ್ಕ, ಒಂದು ಹಸು ಮತ್ತು ಅದರ ಕರು ಒಂದು ತಿಂಗಳು ಮೇಯಲು, 1 ಡಾಲರ್ 35 ಸೆಂಟ್. ಅದೇ ಹುಲ್ಲು ಬರದಲ್ಲಿ ಕೈತಪ್ಪಿದರೆ, ಮೇಲಿನ ನಮ್ಮ ಲೆಕ್ಕದ ಪ್ರಕಾರ, ಒಂದು ಹಸುವಿಗೆ ತಿಂಗಳಿಗೆ ಸುಮಾರು 22 ಡಾಲರ್ 70 ಸೆಂಟ್ ಪರಿಹಾರ. ಶುಲ್ಕದ ಸುಮಾರು 17 ಪಟ್ಟು! ಹುಲ್ಲನ್ನು ಮಾರುವಾಗ ಸರ್ಕಾರ ಅದಕ್ಕೆ ಒಂದು ಬೆಲೆ ಕಟ್ಟುತ್ತದೆ, ಅದು ಒಣಗಿದಾಗ ಇನ್ನೊಂದು. ರಾಂಚರ್‌ಗಳ ವಾದವನ್ನೂ ಕೇಳಬೇಕು: ಬೇಲಿ, ನೀರಿನ ತೊಟ್ಟಿ, ಅವುಗಳ ರಿಪೇರಿ, ದೂರದ ಬೆಟ್ಟಕ್ಕೆ ಹಿಂಡು ಸಾಗಿಸುವ ಖರ್ಚು ಅವರದು, ಆದ್ದರಿಂದ 1 ಡಾಲರ್ 35 ಸೆಂಟ್ ನಿಜವಾದ ವೆಚ್ಚವಲ್ಲ. ಈ ಮಾತು ಸರಿ. ಹಾಗೆಂದು 17 ಪಟ್ಟಿನ ಅಂತರಕ್ಕೆ ಅದು ಉತ್ತರವಾಗುವುದಿಲ್ಲ. ಬೆಂಕಿ ಬಿದ್ದ ಸರ್ಕಾರಿ ಹುಲ್ಲುಗಾವಲಿನ ವಿಷಯದಲ್ಲಿ ನಿಯಮ ಉಲ್ಟಾ ದಿಕ್ಕಿಗೆ ತಪ್ಪುತ್ತದೆ. ಸುಟ್ಟ ನೆಲಕ್ಕೆ ಸಾಮಾನ್ಯವಾಗಿ ಎರಡು ಬೆಳವಣಿಗೆಯ ಋತುಗಳ ವಿಶ್ರಾಂತಿ ಕೊಡಲಾಗುತ್ತದೆ, ಪರಿಹಾರ ಮಾತ್ರ ಮೇವಿನ ವೆಚ್ಚದ ಅರ್ಧ, ಅದೂ ವರ್ಷಕ್ಕೆ ಹೆಚ್ಚೆಂದರೆ 180 ದಿನ. ನಿಜವಾಗಿ ನೆಲ ಬಿಟ್ಟುಕೊಟ್ಟವನಿಗೇ ಕಡಿಮೆ.

ಖಾಸಗಿ ಜಮೀನಿನ ಬೆಂಕಿಗೆ ಎಲ್‌ಎಫ್‌ಪಿ ಅನ್ವಯಿಸುವುದೇ ಇಲ್ಲ. 2024ರ ಫೆಬ್ರುವರಿ 26ರಂದು ಟೆಕ್ಸಾಸ್‌ನ ಉತ್ತರ ತುದಿಯಲ್ಲಿ ಹೊತ್ತಿಕೊಂಡ ಸ್ಮೋಕ್‌ಹೌಸ್ ಕ್ರೀಕ್ ಕಾಳ್ಗಿಚ್ಚು ಹತ್ತು ಲಕ್ಷ ಎಕರೆಗೂ ಹೆಚ್ಚು ಹುಲ್ಲುಗಾವಲನ್ನು ಸುಟ್ಟಿತು. ಆ ರಾಜ್ಯದ ಇತಿಹಾಸದಲ್ಲೇ ದೊಡ್ಡ ಬೆಂಕಿ. ಸಾವಿರಾರು ದನಗಳು ಸತ್ತವು. ಅಲ್ಲಿನ ನೆಲ ಬಹುಪಾಲು ಖಾಸಗಿಯಾದ್ದರಿಂದ ರೈತರು ಮೇವಿಗೆ, ಬೇಲಿಗೆ, ಸತ್ತ ದನಕ್ಕೆ ಒಂದೊಂದಕ್ಕೂ ಬೇರೆ ಬೇರೆ ಯೋಜನೆಯ ಬಾಗಿಲು ತಟ್ಟಬೇಕಾಯಿತು.

ಇನ್ನು ಹಣದ ಮೇಲೆ ಹಣ ಬೀಳುವ ಸಂಗತಿ. ಹುಲ್ಲುಗಾವಲಿಗೆ ಪ್ರತ್ಯೇಕ ಮಳೆ ವಿಮೆಯೂ ಅಲ್ಲಿದೆ. 2016ರಿಂದ ಮುಖ್ಯ ಭೂಭಾಗದ 48 ರಾಜ್ಯಗಳಲ್ಲೂ ಸಿಗುವ ಆ ವಿಮೆಯ ಕಂತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಸರ್ಕಾರವೇ ಭರಿಸುತ್ತದೆ. ಒಂದೇ ಬರಕ್ಕೆ ವಿಮೆಯ ಹಣವನ್ನೂ ಎಲ್‌ಎಫ್‌ಪಿಯನ್ನೂ ಪಡೆಯಬಹುದು. ಇದರ ಮೇಲೆ ಕಾಂಗ್ರೆಸ್ ಆಗಾಗ ಹೆಚ್ಚುವರಿ ಕೊಡುಗೆ ಘೋಷಿಸುತ್ತದೆ: 2023 ಮತ್ತು 2024ರ ಬರ, ಕಾಳ್ಗಿಚ್ಚುಗಳಿಗೆ 2025ರ ಮೇ ತಿಂಗಳಲ್ಲಿ 100 ಕೋಟಿ ಡಾಲರ್ ಪ್ರಕಟವಾಯಿತು, ಎಲ್‌ಎಫ್‌ಪಿ ಪಡೆದವರಿಗೆ ಹೊಸ ಅರ್ಜಿಯಿಲ್ಲದೆ ಅದು ತಾನಾಗಿ ಸಂದಿತು. ಕಾಯಂ ಯೋಜನೆ ಮಾಡಿದ್ದೇ ಇಂಥ ತಾತ್ಕಾಲಿಕ ಕೊಡುಗೆಗಳನ್ನು ತಪ್ಪಿಸಲು ಎಂಬುದು ಈಗ ಯಾರಿಗೂ ನೆನಪಿದ್ದಂತಿಲ್ಲ.

ಹಾಗಾದರೆ ಯೋಜನೆಯನ್ನು ಕೈಬಿಡಬೇಕೇ? ಖಂಡಿತ ಬೇಡ. 2025ರ ಜನವರಿ 1ಕ್ಕೆ ಅಮೆರಿಕದ ಒಟ್ಟು ದನಗಳ ಸಂಖ್ಯೆ ಸುಮಾರು 8.67 ಕೋಟಿಗೆ ಇಳಿದಿತ್ತು, 1951ರಿಂದೀಚೆಗೆ ಇಷ್ಟು ಕಡಿಮೆ ಇರಲಿಲ್ಲ. ಇದಕ್ಕೆ ಬರವೇ ದೊಡ್ಡ ಕಾರಣ. ಮಾರಿದ ಹಿಂಡನ್ನು ಮತ್ತೆ ಕಟ್ಟುವುದು ಸುಲಭವಲ್ಲ: ಈ ವರ್ಷ ಉಳಿಸಿಕೊಂಡ ಹೆಣ್ಣುಕರು ಎರಡನೇ ವರ್ಷಕ್ಕೆ ಈಯುತ್ತದೆ, ಆ ಕರು ಮಾರುಕಟ್ಟೆಗೆ ಬರಲು ಮತ್ತೆ ಒಂದೂವರೆ ವರ್ಷ. ಆ ಬೆಟ್ಟ, ಆ ನೀರು, ಆ ದಾರಿ ಬಲ್ಲ ಹಳೆಯ ಹಸುಗಳನ್ನು ಸಂತೆಯಲ್ಲಿ ಕೊಳ್ಳಲಾಗದು. ಬರದ ವರ್ಷ ಎಲ್ಲರೂ ಒಟ್ಟಿಗೆ ಮಾರಲು ಬಂದಾಗ ಬೆಲೆ ಬಿದ್ದಿರುತ್ತದೆ, ಮಳೆ ಬಂದು ಎಲ್ಲರೂ ಕೊಳ್ಳಲು ಹೊರಟಾಗ ಏರಿರುತ್ತದೆ. ಈ ಎರಡು ಬೆಲೆಗಳ ನಡುವೆ ಸಿಕ್ಕು ಮುಳುಗುವವರು ಚಿಕ್ಕ ಹಿಂಡಿನ ಕುಟುಂಬಗಳು. ಅವರಿಗೆ ಆಸರೆ ಬೇಕೇ ಬೇಕು.

ಬದಲಾಗಬೇಕಾದದ್ದು ಹಣವನ್ನು ಯಾವುದಕ್ಕೆ ಕೊಡುತ್ತೇವೆ ಎಂಬುದು. ನಕ್ಷೆ ಹಾಗೆಯೇ ಇರಲಿ, ವೇಗವೂ ಇರಲಿ. ಬರದ ಮೊದಲ ಸುಳಿವಿಗೇ ಹಿಂಡು ಇಳಿಸಿದವನಿಗೆ ಶೇಕಡ 80ರ ಬದಲು ಪೂರ್ಣ ದರ, ಬೇಕಾದರೆ ಅದಕ್ಕಿಂತ ಹೆಚ್ಚು ಸಿಗಲಿ. ಕೆಂಪು ಬಣ್ಣ ಬಿದ್ದ ನಂತರ ಹುಲ್ಲುಗಾವಲಿಗೆ ವಿಶ್ರಾಂತಿ ಕೊಟ್ಟು, ದನಗಳನ್ನು ಬೇರೆಡೆ ಒಣಹುಲ್ಲಿನ ಮೇಲೆ ಸಾಕುವವನಿಗೆ ಕೊನೆಯ ತಿಂಗಳುಗಳ ಕಂತು ದೊಡ್ಡದಾಗಿರಲಿ, ಅಲ್ಲೇ ಮೇಯಿಸುವವನಿಗೆ ಚಿಕ್ಕದಾಗಿರಲಿ. ಉಪಗ್ರಹ ಚಿತ್ರಗಳಿಂದ ಹಸಿರಿನ ಪ್ರಮಾಣವನ್ನು ಹೊಲದ ಮಟ್ಟದಲ್ಲೇ ಅಳೆಯುವ ಸಾಧನಗಳು ಅಮೆರಿಕದ ಕೃಷಿ ಸಂಶೋಧಕರ ಬಳಿ ಈಗಾಗಲೇ ಇವೆ. ನೆವಾಡಾದ ಕೌಂಟಿ ಗಾತ್ರದ ಅನ್ಯಾಯಕ್ಕೂ ಅದೇ ಮದ್ದು.

ಅದಕ್ಕೂ ಮೊದಲು, ಕಾಂಗ್ರೆಸ್ಸಿನ ಹೊಸ ಕಾನೂನಿಗೆ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಪರಿಹಾರದ ಲೆಕ್ಕದಲ್ಲಿ ನೆಲದ ಮಾತು ಬರುವ ಒಂದೇ ಒಂದು ಅಂಕಿ ಇದೆ: ಒಂದು ಹಸುವನ್ನು ತಾಳಿಕೊಳ್ಳಲು ಆ ಕೌಂಟಿಯಲ್ಲಿ ಎಷ್ಟು ಎಕರೆ ಬೇಕು ಎಂಬುದು. ಪೂರ್ವ ಕಾನ್ಸಾಸ್‌ನ ಸೊಂಪಾದ ಹುಲ್ಲಿನಲ್ಲಿ ಬೇಸಿಗೆಗೆ ಏಳೆಂಟು ಎಕರೆ ಸಾಕು, ನೆವಾಡಾದ ಮರುಭೂಮಿಯಲ್ಲಿ ವರ್ಷಕ್ಕೆ ನೂರಾರು ಎಕರೆ ಬೇಕು. ಈ ಅಂಕಿಯನ್ನು ಕೃಷಿ ಇಲಾಖೆಯ ರಾಜ್ಯ ಮತ್ತು ಕೌಂಟಿ ಸಮಿತಿಗಳು ನಿಗದಿಪಡಿಸುತ್ತವೆ. ಕೌಂಟಿ ಸಮಿತಿಯ ಸದಸ್ಯರನ್ನು ಆರಿಸುವವರು ಸ್ಥಳೀಯ ರೈತರೇ. ಮಳೆ ಸರಿಯಾಗಿ ಬಂದ ಸಾಮಾನ್ಯ ವರ್ಷವನ್ನು ಮನಸ್ಸಿನಲ್ಲಿಟ್ಟು ಬರೆದ ಅಂಕಿ ಅದು. ಕಳೆದ ಇಪ್ಪತ್ತೈದು ವರ್ಷಗಳ ಮಳೆಯನ್ನು ಎದುರಿಗಿಟ್ಟುಕೊಂಡು ಪ್ರತಿ ಸಮಿತಿಯೂ ಅದನ್ನು ಮತ್ತೆ ಲೆಕ್ಕ ಹಾಕಿದರೆ, ಎಷ್ಟು ದನಗಳ ಮೇಲೆ ಹಣ ಸಿಗುತ್ತದೆ ಎಂಬುದು ನೆಲ ನಿಜವಾಗಿ ತಾಳುವ ಸಂಖ್ಯೆಗೆ ಬಂದು ನಿಲ್ಲುತ್ತದೆ. ಆ ಪಟ್ಟಿಯನ್ನು ತಿದ್ದುವ ಅಧಿಕಾರ ಇಂದೇ ಆ ಸಮಿತಿಗಳ ಕೈಯಲ್ಲಿದೆ.